ಹಳ್ಳಿ ಶಾಲೆಯಲ್ಲಿ ಇತಿಹಾಸ ಎಲ್ಲಿಂದ ಶುರು ಮಾಡಬೇಕು? ಮುತ್ಯಾನ ಮಾತಿನಿಂದಲೋ, ಪಾಠದ ಪುಸ್ತಕದಿಂದಲೋ?

ಸಮಾಜ ಮಾಸ್ತರು, ಆಳಂದ ತಾಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹನ್ನೊಂದು ವರ್ಷ ಆಯಿತು. ಒಂದು ವಿಷಯ ತಲೆಯಲ್ಲಿ ಕೂತಿದೆ, ನಿಮ್ಮ ಜೊತೆ ಮಾತಾಡಬೇಕು ಅನಿಸಿತು.

ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಿ ಒಳಗೆ ಬಂದಾಗ ಒಂಬತ್ತನೇ ತರಗತಿಯ ಹುಡುಗ ಕೇಳಿದ: "ಸರ್, ಹೋದ ತಿಂಗಳಷ್ಟೇ ಝಂಡಾ ಹಾರಿಸಿದ್ವಿ, ಇವತ್ತು ಮತ್ಯಾಕ ಹಾರಿಸಿದ್ವಿ?" 1947ರ ಆಗಸ್ಟ್ 15ಕ್ಕೆ ನಮ್ಮ ಊರು ಭಾರತದಲ್ಲಿ ಇರಲಿಲ್ಲ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹದಿಮೂರು ತಿಂಗಳು ಕಳೆದು 1948ರ ಸೆಪ್ಟೆಂಬರ್ 17ಕ್ಕೆ ಸೇರಿತು ಅಂದೆ. ಕ್ಲಾಸಿನಲ್ಲಿ ಸದ್ದೇ ಇಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, "ಹಂಗಾರ ನಮ್ಮ ಮುತ್ಯಾ ಯಾವ ದೇಶದಾಗ ಹುಟ್ಯಾನ್ರಿ ಸರ್?"

ಹನ್ನೊಂದು ವರ್ಷದಲ್ಲಿ ಇತಿಹಾಸದ ತರಗತಿಯಲ್ಲಿ ನನಗೆ ಬಂದ ಅತಿ ಒಳ್ಳೆಯ ಪ್ರಶ್ನೆ ಇದು.

ಮರುದಿನ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಅತಿ ಹಿರಿಯರು ಯಾರಿದ್ದಾರೋ ಅವರ ವಿಳಾಸ ಬರೆದು ತನ್ನಿ, ಹುಟ್ಟಿದಾಗಿನಿಂದ ಇವತ್ತಿನವರೆಗೆ. 1938ರ ಸುಮಾರಿಗೆ ಹುಟ್ಟಿದ ಒಬ್ಬ ಮುತ್ಯಾನ ವಿಳಾಸ ಹೀಗೆ ಬಂತು: ಮೊದಲು ನಿಜಾಮರ ಹೈದರಾಬಾದ್, 1948ರ ಮೇಲೆ ಭಾರತದ ಹೈದರಾಬಾದ್ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 2014ರವರೆಗೆ ಗುಲಬರ್ಗಾ, ಆಮೇಲೆ ಕಲಬುರಗಿ, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ಆ ಮುತ್ಯಾ ಹುಟ್ಟಿದ ಮನೆಯಲ್ಲೇ ಇದ್ದಾನೆ, ಒಂದು ದಿನವೂ ಮನೆ ಬದಲಾಯಿಸಿಲ್ಲ. ಹುಡುಗರು ಅದನ್ನು ಬೋರ್ಡಿನ ಮೇಲೆ ಬರೆದು ಎಷ್ಟು ಹೊತ್ತು ನೋಡುತ್ತಾ ನಿಂತರು ಗೊತ್ತಾ!

ಇನ್ನೊಂದು ಮನೆಯಿಂದ ಹಾಲಿ ಸಿಕ್ಕಾ ಬಂತು, ನಿಜಾಮರ ರೂಪಾಯಿ. ಅಂಥ ಏಳು ರೂಪಾಯಿ ಕೊಟ್ಟರೆ ಭಾರತದ ಆರು ರೂಪಾಯಿ ಸಿಗುತ್ತಿತ್ತು. 1959ರ ತನಕ ಆ ನಾಣ್ಯ ನಡೆಯಿತು. ಮತ್ತೊಬ್ಬಳ ಮುತ್ಯಾನಿಗೆ ಉರ್ದು ಸರಾಗವಾಗಿ ಓದಲು ಬರುತ್ತದಂತೆ, ಕನ್ನಡದಲ್ಲಿ ಸಹಿ ಮಾತ್ರ. ಲಿಂಗಾಯತ ಮನೆ. ಮಕ್ಕಳಿಗೆ ಇದು ನಂಬಲಾಗದ ಮಾತು. ಆಗ ಕಚೇರಿ, ಹೆಚ್ಚಿನ ಶಾಲೆ ಉರ್ದುವಿನಲ್ಲೇ ಇತ್ತು ಅಂತ ಹೇಳಲು ಅಲ್ಲಿಂದ ದಾರಿ ಸಿಕ್ಕಿತು. ತಹಸೀಲ್, ಪಟ್ಟಾ, ಜಮಾಬಂದಿ, ದಫ್ತರ್ ಅಂತ ನಾವು ದಿನಾ ಆಡುವ ಮಾತುಗಳನ್ನೂ ಅವರೇ ಪಟ್ಟಿ ಮಾಡಿದರು.

ಹತ್ತನೇ ತರಗತಿ ಪುಸ್ತಕದಲ್ಲಿ ಜುನಾಗಢ, ಹೈದರಾಬಾದ್, ಕಾಶ್ಮೀರ ಅಂತ ಸೇರಿಸಿ ಕೆಲವೇ ಸಾಲು ಇದೆ. ಆ ಸಾಲಿನ ಒಳಗೆ ಆಗಿನ ಬೀದರ್, ಗುಲಬರ್ಗಾ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯ ಊರುಗಳೆಲ್ಲ ಇವೆ. ಆದರೆ ಮಕ್ಕಳಿಗೆ ಅದು ಬೇರೆ ಯಾರದೋ ಸುದ್ದಿ. 1948ರಲ್ಲಿ ಹತ್ತು ವರ್ಷ ಇದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ, ನಮ್ಮ ಊರಿನಲ್ಲಿ ಅಂಥವರು ಮೂರೇ ಜನ. ಇನ್ನು ಕೆಲವೇ ವರ್ಷಕ್ಕೆ ಕೇಳಲು ಯಾರೂ ಇರುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಶಾಲೆಗಳಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದೀರಾ? ಯಾವ ಪುಸ್ತಕ ಬಳಸುತ್ತೀರಿ? ಎಲ್ಲಿ ಎಡವಿದಿರಿ?

ಅತಿಥಿ ಶಿಕ್ಷಕ, ಜೇವರ್ಗಿ

ಸರ್, ಓದಿ ಖುಷಿಯಾಯಿತು, ಆದರೆ ನೇರ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ನಮ್ಮ ಮೇಲೆ ಎಷ್ಟು ಒತ್ತಡ ಇದೆ ಅಂತ ನಿಮಗೂ ಗೊತ್ತು. ವಾರಕ್ಕೊಂದು ಮೀಟಿಂಗ್, ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಮತ್ತೆ ತರಗತಿ. ಸಮಾಜದಲ್ಲಿ 80 ಅಂಕ ಬರವಣಿಗೆಗೆ, 20 ಶಾಲೆಯಲ್ಲಿ ಕೊಡುವುದು. ಮುತ್ಯಾನ ವಿಳಾಸಕ್ಕೆ ಆ ಎಂಬತ್ತರಲ್ಲಿ ಒಂದು ಅಂಕವೂ ಇಲ್ಲ.

ನನ್ನ ಕ್ಲಾಸಿನ ಅರ್ಧ ಮಕ್ಕಳಿಗೆ ಒಂದು ಪ್ಯಾರಾ ತಡೆಯದೆ ಓದಲು ಬರುವುದಿಲ್ಲ. ಅವರು ಪಾಸಾಗದಿದ್ದರೆ ಹುಡುಗಿಯರಿಗೆ ಮದುವೆ, ಹುಡುಗರಿಗೆ ಬೆಂಗಳೂರು ಇಲ್ಲವೇ ಪುಣೆಯ ಕಟ್ಟಡ ಕೆಲಸ. ಮೊದಲು ಅವರನ್ನು ದಡ ಸೇರಿಸೋಣ, ಕಥೆ ಆಮೇಲೆ ಅಂತ ನನ್ನ ಮಾತು.

ಗ್ರಂಥಪಾಲಕ, ಸುರಪುರ ಕಡೆ

ಅತಿಥಿ ಶಿಕ್ಷಕರ ಮಾತು ಒಪ್ಪುತ್ತೇನೆ, ಒಂದನ್ನು ಬಿಟ್ಟು. ಓದಲು ಬಾರದ ಮಗು ಓದುವುದು ಕಲಿಯುವುದೇ ಕಥೆಯಿಂದ. ನಾನು ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿದ್ದೇನೆ. ಓದುವ ಬೆಳಕು ಕಾರ್ಯಕ್ರಮ ಬಂದಮೇಲೆ, ಅಂದರೆ 2020ರಿಂದ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಶಾಲೆಯವರು ಇದನ್ನು ಬಳಸುವುದೇ ಇಲ್ಲ. ನಿಮ್ಮ ಊರಿನ ಅರಿವು ಕೇಂದ್ರಕ್ಕೆ (ಪಂಚಾಯತಿ ಗ್ರಂಥಾಲಯದ ಈಗಿನ ಹೆಸರು ಅದೇ) ಹೋಗಿ ಕೇಳಿ, ಯಾವ ಪುಸ್ತಕ ಬೇಕು ಅಂತ ಬರೆದು ಕೊಡಿ. ಪಂಚಾಯತಿಯವರು ಪುಸ್ತಕ ತರಿಸುವಾಗ ಕೇಳುವವರೇ ಇಲ್ಲದಿದ್ದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಷ್ಟೇ ಬರುತ್ತವೆ.

ನಮ್ಮ ಸುರಪುರದ ಕಥೆ ಕೇಳಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಮೇಲೆ ಬ್ರಿಟಿಷರ ಸೈನ್ಯ ಬಂತು. ಅದಕ್ಕೂ ಮುಂಚೆ ರಾಜರು ಚಿಕ್ಕವರಿದ್ದಾಗ ಸಂಸ್ಥಾನ ನೋಡಿಕೊಂಡವರು ಮೆಡೋಸ್ ಟೇಲರ್ ಎಂಬ ಅಧಿಕಾರಿ. ಅವರಿದ್ದ ಬಂಗಲೆ ಟೇಲರ್ ಮಂಜಿಲ್ ಈಗಲೂ ಗುಡ್ಡದ ಮೇಲಿದೆ. ಟೇಲರ್ ತಮ್ಮ ಆತ್ಮಕಥೆ ಬರೆದಿದ್ದಾರೆ. ಅದರಲ್ಲಿ ರಾಜರು ತನ್ನನ್ನು "ಅಪ್ಪಾ" ಅಂತ ಕರೆಯುತ್ತಿದ್ದರು ಅಂತ ಬರೆಯುತ್ತಾರೆ. ಸೆರೆಯಲ್ಲಿ ಕರೆದೊಯ್ಯುವಾಗ ರಾಜರು ಅಧಿಕಾರಿಯ ಪಿಸ್ತೂಲು ತೆಗೆದು ಗುಂಡು ಹಾರಿಸಿಕೊಂಡರು ಅಂತಲೂ ಬರೆಯುತ್ತಾರೆ. ಊರಲ್ಲಿ ಹಿರಿಯರನ್ನು ಕೇಳಿದರೆ, ಬ್ರಿಟಿಷರೇ ಕೊಂದು ಹಾಗೆ ಬರೆದರು ಅನ್ನುತ್ತಾರೆ.

ಹೋದ ವರ್ಷ ಹೈಸ್ಕೂಲಿನ ಇಪ್ಪತ್ತು ಮಕ್ಕಳನ್ನು ಕೂರಿಸಿ ಎರಡೂ ಕಥೆ ಹೇಳಿದೆ. ಯಾವುದು ನಿಜ ಅಂತ ಕೇಳಲಿಲ್ಲ. ಟೇಲರ್ ಆಗ ಅಲ್ಲೇ ನಿಂತು ನೋಡಿದ್ದರಾ, ಇಲ್ಲಾ ಯಾರೋ ಹೇಳಿದ್ದು ಕೇಳಿ ಬರೆದರಾ? ನಮ್ಮ ಹಿರಿಯರಿಗೆ ಯಾರು ಹೇಳಿದರು? ಬರೆದಿದ್ದಕ್ಕೇ ಯಾಕೆ ಜಾಸ್ತಿ ಬೆಲೆ? ಇಷ್ಟೇ ಕೇಳಿದ್ದು. ಎಂಟನೇ ತರಗತಿ ಮಕ್ಕಳು ಒಂದೂವರೆ ತಾಸು ವಾದ ಮಾಡಿದರು. ಆಮೇಲೆ ಐದಾರು ಜನ ಬಂದು 1857ರ ಬಗ್ಗೆ ಇನ್ನೂ ಯಾವ ಪುಸ್ತಕ ಇದೆ ಅಂತ ಹುಡುಕಿದರು. ಅದರಲ್ಲಿ ತಡೆದು ತಡೆದು ಓದುವ ಮಕ್ಕಳೂ ಇದ್ದರು.

ಟೀಚರ್, ಬೀದರ್ ಜಿಲ್ಲೆ

ಆಳಂದ ಸರ್, ಶುರು ಮಾಡಿದ್ದು ಒಳ್ಳೆಯದಾಯಿತು. ಆದರೆ 1948ಕ್ಕೆ ಕೈ ಹಾಕುವಾಗ ಸ್ವಲ್ಪ ನಿಧಾನ. ನಾನು ಎಡವಿದ್ದು ಅಲ್ಲೇ.

ನಮ್ಮ ಬಸವಕಲ್ಯಾಣ ಸೀಮೆಯ ಗೋರ್ಟಾ ನಿಮಗೆಲ್ಲ ಗೊತ್ತು. 1948ರ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ನಿಜಾಮರ ಪರ ಇದ್ದ ಖಾಸಗಿ ಪಡೆಯವರು, ನುಗ್ಗಿ ಊರವರನ್ನು ಕೊಂದರು. ಈಗ ಅಲ್ಲಿ ಸ್ಮಾರಕ ಇದೆ. ನಾನು ಮಕ್ಕಳಿಗೆ ಮನೆಯಲ್ಲಿ ರಜಾಕಾರರ ಕಾಲದ ಬಗ್ಗೆ ಕೇಳಿಕೊಂಡು ಬನ್ನಿ ಅಂದೆ. ಎಲ್ಲರೂ ಕಥೆ ತಂದರು. ಊರು ಬಿಟ್ಟು ಸೊಲ್ಲಾಪುರದ ಕಡೆ ಓಡಿದ್ದು, ಬಂಗಾರ ಹೂತಿಟ್ಟಿದ್ದು, ರಾತ್ರಿ ಹೊಲದಲ್ಲಿ ಮಲಗಿದ್ದು. ಒಬ್ಬೊಬ್ಬರೇ ಹೇಳುತ್ತಾ ಹೋದರು. ಮೂವರು ಮುಸ್ಲಿಂ ಹುಡುಗಿಯರು ತಲೆ ತಗ್ಗಿಸಿ ಕೂತಿದ್ದನ್ನು ನಾನು ಗಮನಿಸಿದ್ದು ಕೊನೆಗೆ. ಒಬ್ಬಳು ಪುಸ್ತಕ ಮುಚ್ಚಿಟ್ಟು "ನಮ್ಮ ಮನ್ಯಾಗ ಏನೂ ಹೇಳಿಲ್ರಿ ಟೀಚರ್" ಅಂದಳು.

ಸಂಜೆ ಅವಳೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅವಳ ದಾದಿ, ಅಂದರೆ ಅಪ್ಪನ ಅವ್ವ, ಹೇಳಿದ್ದಳು, ಪೊಲೀಸ್ ಆಕ್ಷನ್ (1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಸಂಸ್ಥಾನಕ್ಕೆ ಬಂದದ್ದು) ಆದಮೇಲಿನ ವಾರ ಅವರ ಮನೆಯ ಗಂಡಸರು ಯಾರೂ ತಿರುಗಿ ಬರಲಿಲ್ಲ ಅಂತ. ಆ ಮನೆಯವರು ರಜಾಕಾರರಲ್ಲ, ಬಟ್ಟೆ ನೇಯುವವರು. ಕ್ಲಾಸಿನಲ್ಲಿ ಅದನ್ನು ಹೇಳಲು ಅವಳಿಗೆ ಜಾಗವೇ ಇರಲಿಲ್ಲ.

ಆ ರಾತ್ರಿ ನಾನು ಕೂತು ಓದಿದೆ. ಕೇಂದ್ರ ಸರ್ಕಾರವೇ ಆಗ ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ಒಂದು ಸಮಿತಿ ಕಳಿಸಿತ್ತು. ಪೊಲೀಸ್ ಆಕ್ಷನ್ ವೇಳೆ ಮತ್ತು ಆಮೇಲೆ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆ ಅಂತ ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ವರದಿ ಎಷ್ಟೋ ದಶಕ ಹೊರಗೆ ಬರಲೇ ಇಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ತಮ್ಮ ಜೀವ ಪಣಕ್ಕಿಟ್ಟು ಮುಸ್ಲಿಮರನ್ನು ಉಳಿಸಿದ ಹಿಂದೂಗಳು ಸಿಕ್ಕರು, ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತರು ಅಂತ.

ಅದರ ಮುಂದಿನ ವರ್ಷದಿಂದ ನಾನು ಗೋರ್ಟಾ ಮತ್ತು ಆ ಸೆಪ್ಟೆಂಬರ್, ಎರಡನ್ನೂ ಒಂದೇ ವಾರದಲ್ಲಿ ಮಾಡುತ್ತೇನೆ. ಎರಡನ್ನೂ ನಾನೇ ಮೊದಲು ಹೇಳುತ್ತೇನೆ, ಮಕ್ಕಳಿಂದ ಹೇಳಿಸುವುದಿಲ್ಲ. ಗೋರ್ಟಾದ ನೋವನ್ನು ಒಂದು ಗುಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಇನ್ನೊಂದು ನೋವನ್ನು ಮುಚ್ಚುವುದೂ ಇಲ್ಲ. ಒಬ್ಬ ಪಾಲಕರು ಬಂದು ಜಗಳ ಮಾಡಿದರು. ಕೂರಿಸಿ ಚಹಾ ಕೊಟ್ಟು ಪೂರ್ತಿ ಪಾಠ ಅವರಿಗೂ ಮಾಡಿದೆ. ಒಪ್ಪಿದರೋ ಇಲ್ಲವೋ ಹೇಳಲಿಲ್ಲ, ಮಗನನ್ನು ಮಾತ್ರ ಮರುದಿನ ಕಳಿಸಿದರು.

ಹಳೆಯ ವಿದ್ಯಾರ್ಥಿನಿ, ಯಾದಗಿರಿ ಜಿಲ್ಲೆ

ನಾನು ಟೀಚರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಆದರೂ ಬರೆಯಬೇಕು ಅನಿಸಿತು. ಬೀದರ್ ಮೇಡಂ ಹೇಳಿದ ಆ ತಲೆ ತಗ್ಗಿಸಿದ ಹುಡುಗಿ ನಾನೂ ಆಗಿದ್ದೆ, ಬೇರೆ ಕಾರಣಕ್ಕೆ.

ಏಳನೇ ತರಗತಿಯಲ್ಲಿ ನಮ್ಮ ಸರ್ ವಂಶವೃಕ್ಷ ಬರೆದು ತನ್ನಿ ಅಂದರು. ಒಳ್ಳೆಯ ಮನುಷ್ಯ, ಇವತ್ತಿಗೂ ಅವರ ಮೇಲೆ ಗೌರವ ಇದೆ. ಆದರೆ ನಮ್ಮವ್ವನನ್ನು ದೇವರಿಗೆ ಬಿಟ್ಟಿದ್ದರು. ದೇವದಾಸಿ ಪದ್ಧತಿ ತಡೆಯುವ ಕಾನೂನು 1982ರಲ್ಲೇ ಬಂದಿತ್ತು, ನಮ್ಮ ಊರಿಗೆ ಅದು ತಲುಪುವುದರೊಳಗೆ ನಮ್ಮವ್ವನ ಕೊರಳಲ್ಲಿ ಮುತ್ತು ಬಿದ್ದಿತ್ತು. ನನ್ನ ಹಾಳೆಯಲ್ಲಿ ತಂದೆಯ ಕಡೆ ಏನೂ ಇರಲಿಲ್ಲ. ಸರ್ ಎಲ್ಲರ ಮುಂದೆ "ಇದು ಯಾಕೆ ಖಾಲಿ?" ಅಂದರು. ನಾಲ್ಕು ದಿನ ಶಾಲೆಗೆ ಹೋಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಮನೆಯಿಂದ ಶುರು ಮಾಡಿ ಅನ್ನುವ ಮಾತು ಎಲ್ಲರಿಗೂ ಒಂದೇ ಅಲ್ಲ. ಎಲ್ಲರ ಮನೆಯಲ್ಲೂ ಡಬ್ಬಿಯಲ್ಲಿ ಸಿಕ್ಕಾ ಇರುವುದಿಲ್ಲ. ಕೆಲವರ ಮನೆಯಲ್ಲಿ ಬಿಟ್ಟಿ ದುಡಿದಿದ್ದು, ಸಾಲಕ್ಕೆ ಜೀತ ಇದ್ದಿದ್ದು ಇರುತ್ತದೆ. ಆ ಮಗುವಿಗೆ ಅದನ್ನು ಎದ್ದು ನಿಂತು ಹೇಳು ಅನ್ನಬೇಡಿ.

ನನಗೆ ದಾರಿ ತೋರಿಸಿದ್ದು ಪುಸ್ತಕ. ಕಾಲೇಜಿನಲ್ಲಿ ಅರವಿಂದ ಮಾಲಗತ್ತಿಯವರ ಗೌರ್ಮೆಂಟ್ ಬ್ರಾಹ್ಮಣ, ಸಿದ್ಧಲಿಂಗಯ್ಯನವರ ಊರು ಕೇರಿ ಓದಿದೆ, ಎರಡೂ ದಲಿತರ ಆತ್ಮಕಥೆ. ಆಮೇಲೆ ನಮ್ಮ ಕಲಬುರಗಿಯವರೇ ಆದ ಗೀತಾ ನಾಗಭೂಷಣ. ಬದುಕು ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕನ್ನಡದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು. ನಮ್ಮ ಓಣಿಯ ಮಾತು, ನಮ್ಮ ಬೈಗುಳ, ನಮ್ಮ ಹೆಂಗಸರ ದುಡಿತ ಅಚ್ಚಾಗಿ ಬಂದಿದ್ದನ್ನು ಮೊದಲ ಸಲ ನೋಡಿದೆ. ಇದು ಬರೆಯುವಂಥದ್ದು, ಇದೂ ಇತಿಹಾಸವೇ ಅಂತ ಆವತ್ತು ಅನಿಸಿತು.

ಈ ಪುಸ್ತಕಗಳನ್ನು ಇಡಿಯಾಗಿ ಹೈಸ್ಕೂಲ್ ಮಕ್ಕಳಿಗೆ ಕೊಡಿ ಅನ್ನುತ್ತಿಲ್ಲ. ಎರಡು ಪುಟ ಆರಿಸಿ ನೀವೇ ಓದಿ ಹೇಳಿ. ಬೇರೆಯವರ ಕಥೆ ಮೊದಲು ಕ್ಲಾಸಿಗೆ ಬರಲಿ. ಕೇಳಿದ ಮಗು "ನಮ್ಮಲ್ಲೂ ಹಿಂಗೇ" ಅಂತ ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಿರಬಹುದು, ಬೇಕಿದ್ದರೆ ಬಾಯಿ ಬಿಟ್ಟು ಹೇಳಬಹುದು. ಅದು ಆ ಮಗುವಿಗೆ ಬಿಟ್ಟಿದ್ದು. ಪುಸ್ತಕ ಮೊದಲು, ಮನೆ ಆಮೇಲೆ. ಇಷ್ಟು ಮಾಡಿದರೆ ಸಾಕು ಸರ್.

ಸಮಾಜ ಮಾಸ್ತರು, ಆಳಂದ ತಾಲೂಕು

ಅಕ್ಕಾ, ಇದನ್ನು ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ನಾನು ಹಾಗೇ ಮಾಡಿದ್ದೆ. ವಿಳಾಸದ ಕೆಲಸ ಕೊಟ್ಟಾಗ ಇಬ್ಬರು ಮಕ್ಕಳು ಏನೂ ತರಲಿಲ್ಲ, ನಾನು ಬೈದೆ. ಅವರ ಮನೆಯಲ್ಲಿ ಹಿರಿಯರು ಯಾಕೆ ಇಲ್ಲ ಅಂತ ಕೇಳಲೇ ಇಲ್ಲ. ನಾಳೆ ಮೊದಲು ಅವರಿಬ್ಬರ ಹತ್ತಿರ ಮಾತಾಡುತ್ತೇನೆ. ಇನ್ನು ಮೇಲೆ "ನಿಮ್ಮ ಮನೆಯ" ಅನ್ನುವುದನ್ನು ಬಿಟ್ಟು "ಊರಿನಲ್ಲಿ ನಿಮಗೆ ಇಷ್ಟವಾದ ಯಾರಾದರೂ ಹಿರಿಯರ" ಅಂತ ಕೇಳುತ್ತೇನೆ.

ಜೇವರ್ಗಿ ಸರ್, ನಿಮ್ಮ ಮಾತು ಸುಳ್ಳಲ್ಲ. ಹತ್ತನೇ ತರಗತಿಯಲ್ಲಿ ನಾನೂ ಇದನ್ನು ಮಾಡುವುದಿಲ್ಲ, ಎಂಟು ಮತ್ತು ಒಂಬತ್ತರಲ್ಲಿ ಮಾತ್ರ. ಬೇರೆ ಸಮಯವೂ ತೆಗೆದುಕೊಂಡಿಲ್ಲ. ಎಫ್‌ಎಗೆ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ) ಹೇಗೂ ಚಟುವಟಿಕೆ ಬೇಕಲ್ವಾ? ಮಕ್ಕಳು ಸ್ಟೇಷನರಿ ಅಂಗಡಿಯಿಂದ ಹತ್ತು ರೂಪಾಯಿ ಚಾರ್ಟ್ ತಂದು ರಾಷ್ಟ್ರನಾಯಕರ ಚಿತ್ರ ಕತ್ತರಿಸಿ ಅಂಟಿಸುತ್ತಾರೆ, ನಾವು ಸಹಿ ಹಾಕುತ್ತೇವೆ. ಅದರ ಬದಲು ಇದು. ಅಷ್ಟೇ ಸಮಯ, ಅಷ್ಟೇ ಅಂಕ.

ಚಿತ್ತಾಪುರ ತಾಲೂಕಿನವನು

1948 ಒಂದೇ ಅಲ್ಲ ಸರ್. ಸನ್ನತಿ ಚಂದ್ರಲಾಂಬಾ ಗುಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿನ ಕಾಳಿ ಗುಡಿಯ ಛಾವಣಿ 1986ರಲ್ಲಿ ಬಿತ್ತು. ದೇವಿಯ ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಮಧ್ಯದಲ್ಲಿ ಮೂರ್ತಿ ಕೂರಿಸಲು ಚೌಕ ಕೊರೆದಿದ್ದಾರೆ, ಸುತ್ತ ಬ್ರಾಹ್ಮಿ ಅಕ್ಷರ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವೇ ಸಿಕ್ಕಿದೆ, ಹೆಸರು ಕೆತ್ತಿದ್ದಾರೆ. ಮಕ್ಕಳಿಗೆ ಅಶೋಕ ಅಂದರೆ ಪಾಟ್ನಾ. ಇಲ್ಲಿ ನೋಡಿದರೆ ಭೀಮಾ ನದಿ ದಂಡೆಯಲ್ಲಿ ನಮ್ಮ ಜನ ಅವನ ಶಾಸನದ ಮೇಲೆ ದೇವಿಯನ್ನಿಟ್ಟು ಎಷ್ಟೋ ತಲೆಮಾರು ಅರಿಶಿನ ಕುಂಕುಮ ಹಾಕಿದ್ದಾರೆ. ಛಾವಣಿ ಬಿದ್ದ ವರ್ಷ ಕಂಡವರು ಆ ಸುತ್ತಲ ಊರುಗಳಲ್ಲಿ ಈಗಲೂ ಇದ್ದಾರೆ, ಅವರಿಗೆ ಅರವತ್ತು ಎಪ್ಪತ್ತು ವಯಸ್ಸು. ಅವರನ್ನು ಮಾತಾಡಿಸಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಕಥೆಯನ್ನು ಊರಿನ ಒಬ್ಬ ಅಜ್ಜ ಹೇಳಬಲ್ಲ ಅಂದರೆ ಯಾವ ಮಗು ಮರೆಯುತ್ತದೆ?

ತಾಂಡಾ ಶಾಲೆ ಮೇಡಂ, ಚಿಂಚೋಳಿ

ನನ್ನ ಕಷ್ಟ ಬೇರೆ. ದೀಪಾವಳಿ ಮುಗಿದರೆ ನನ್ನ ಕ್ಲಾಸಿನ ಮಕ್ಕಳು ಅಪ್ಪ ಅವ್ವನ ಜೊತೆ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು, ಮುಂಬಯಿ ಕಡೆ ಕಟ್ಟಡಕ್ಕೆ. ತಿರುಗಿ ಬಂದಾಗ ಪಾಠ ಎಲ್ಲಿಗೋ ಹೋಗಿರುತ್ತದೆ. ಬಹಳ ವರ್ಷ ನಾನು ಅದನ್ನು ಬರೀ ಹಾಜರಿ ಸಮಸ್ಯೆ ಅಂತ ನೋಡಿದೆ.

ಒಂದು ಸಲ ಬರಗಾಲದ ಪಾಠಕ್ಕೆ ತಾಂಡಾದ ಯಾಡಿ (ಲಂಬಾಣಿ ಮಾತಿನಲ್ಲಿ ಅವ್ವ) ಒಬ್ಬರನ್ನು ಕರೆದೆ. ಎಪ್ಪತ್ತೆರಡರ ಬರದಲ್ಲಿ ದನ ಬಿಟ್ಟು ನಡೆದು ಹೋಗಿದ್ದು, ಕೆಂಪು ಜೋಳ ತಿಂದಿದ್ದು ಎಲ್ಲಾ ಲಂಬಾಣಿಗರ ಗೋರ್ ಬೋಲಿಯಲ್ಲೇ ಹೇಳಿದರು. ಮಕ್ಕಳು ನನಗೆ ಕನ್ನಡ ಮಾಡಿ ಹೇಳಿದರು. ಅವತ್ತು ಕ್ಲಾಸಿನಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ಕನ್ನಡ ಪುಸ್ತಕದ ಮುಂದೆ ಬಾಯಿ ಬಿಡದ ಹುಡುಗ ಅವತ್ತು ನನಗೆ ಸಾಲು ಸಾಲಾಗಿ ಅನುವಾದ ಮಾಡಿದ. ಅವನು ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆದೆ, ಅದನ್ನೇ ಅವನು ಓದಿದ. ಈಗ ಗುಳೆಯಿಂದ ಬಂದ ಮಕ್ಕಳಿಗೆ ಮೊದಲ ವಾರ ಪಾಠ ಇಲ್ಲ. ಎಲ್ಲಿಗೆ ಹೋದಿರಿ, ಯಾವ ರೈಲು, ಕೂಲಿ ಎಷ್ಟು, ಜೊತೆಗೆ ಯಾರಿದ್ದರು ಅಂತ ಬರೆಸುತ್ತೇನೆ. ಇಷ್ಟವಿದ್ದವರು ಮಾತ್ರ. ಆ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ ಮೂಲೆಯಲ್ಲಿ ಇಟ್ಟಿದ್ದೇನೆ. ನಮ್ಮ ಶಾಲೆಯಲ್ಲಿ ಜಾಸ್ತಿ ಹರಿದಿರುವ ಪುಸ್ತಕ ಅದೇ.

ಅತಿಥಿ ಶಿಕ್ಷಕ, ಜೇವರ್ಗಿ

ಮೇಡಂ, ಅವನು ಹೇಳಿದ್ದನ್ನೇ ಬರೆದು ಅವನಿಂದಲೇ ಓದಿಸಿದ್ದು, ಅದನ್ನು ನಾನು ನಾಳೆಯೇ ಮಾಡಿ ನೋಡುತ್ತೇನೆ. ಓದಲು ಬಾರದ ಹದಿನೆಂಟು ಮಕ್ಕಳಿದ್ದಾರೆ ನನ್ನ ಹತ್ತಿರ. ಹತ್ತನೇ ತರಗತಿ ಬಗ್ಗೆ ನನ್ನ ಮಾತು ಹಾಗೇ ಇದೆ, ಆದರೆ ಎಂಟನೆಯವರಿಗೆ ಶುರು ಮಾಡಬಹುದು. ಒಂದು ಕೇಳಬೇಕಿತ್ತು, ಹಿರಿಯರು ಹೇಳುವುದರಲ್ಲಿ ಇಸವಿ ತಪ್ಪಿದರೆ ಏನು ಮಾಡುತ್ತೀರಿ?

ಟೀಚರ್, ಬೀದರ್ ಜಿಲ್ಲೆ

ತಿದ್ದುವುದಿಲ್ಲ ಸರ್, ಪಕ್ಕದಲ್ಲಿ ಬರೆಯುತ್ತೇವೆ. "ಅಜ್ಜ ಹೇಳಿದ್ದು" ಒಂದು ಕಡೆ, "ಪುಸ್ತಕದಲ್ಲಿ ಇರುವುದು" ಇನ್ನೊಂದು ಕಡೆ. ಹಿರಿಯರು ಇಸವಿ ಹೇಳುವುದಿಲ್ಲ, ದೊಡ್ಡ ಮಳೆ ಬಂದ ವರ್ಷ, ನನ್ನ ತಮ್ಮ ಹುಟ್ಟಿದ ವರ್ಷ ಅನ್ನುತ್ತಾರೆ. ಅದನ್ನು ಇಸವಿಗೆ ಹೊಂದಿಸುವುದೇ ಮಕ್ಕಳಿಗೆ ಒಂದು ಕೆಲಸ. ಫೋನಿನಲ್ಲಿ ರೆಕಾರ್ಡ್ ಮಾಡುವ ಮೊದಲು ಕೇಳಿ, ಬೇಡ ಅಂದರೆ ಬೇಡ. ಯಾರದೇ ಹೆಸರು ಹೇಳಿ ಇವರು ಹೊಡೆದರು, ಇವರು ಕದ್ದರು ಅಂತ ಬಂದರೆ ಆ ಹೆಸರು ಕ್ಲಾಸಿಗೆ ತರಬೇಡಿ. ಅವರ ಮೊಮ್ಮಕ್ಕಳು ಅದೇ ಬೆಂಚಿನಲ್ಲಿ ಇರುತ್ತಾರೆ.

ಸಮಾಜ ಮಾಸ್ತರು, ಆಳಂದ ತಾಲೂಕು

ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಹಾಗೆ ಪುಸ್ತಕದಿಂದ ಶುರು ಮಾಡಿದೆ. ಆನ್ ಫ್ರಾಂಕ್ ಡೈರಿಯ ಬಗ್ಗೆ ಹೇಳಿದೆ. 1942ರಲ್ಲಿ ಹದಿಮೂರು ತುಂಬಿದ ಯಹೂದಿ ಹುಡುಗಿ, ನಾಜಿಗಳಿಗೆ ಸಿಗದಂತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡು ವರ್ಷ ಅಡಗಿ ಕೂತು ಬರೆದದ್ದು, ಆಮೇಲೆ ಸಿಕ್ಕಿಬಿದ್ದು ಶಿಬಿರದಲ್ಲಿ ಸತ್ತಿದ್ದು. ಒಂದೆರಡು ಪುಟ ಓದಿದೆ. ಕೆಮ್ಮು ಬಂದರೂ ತಡೆದುಕೊಳ್ಳಬೇಕಿತ್ತು ಅಂದಾಗ ಮಕ್ಕಳು ಉಸಿರು ಹಿಡಿದು ಕೂತಿದ್ದರು. ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂತ ಏನೂ ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು, ಹಿಂದೆ ನಾನು ಬೈದಿದ್ದ ಇಬ್ಬರಲ್ಲಿ ಒಬ್ಬ ಬಂದ. ಅವನ ಓಣಿಯಲ್ಲಿ ಒಬ್ಬಂಟಿಯಾಗಿರುವ ಒಬ್ಬ ಆಯಿ ಇದ್ದಾಳೆ, ಅವನೇ ದಿನಾ ನೀರು ತಂದುಕೊಡುತ್ತಾನೆ. ಅವಳಿಗೆ ಆ ಡೈರಿಯ ಕಥೆ ಹೇಳಿದನಂತೆ. ಆಯಿ ಕೇಳಿ, "ನಾನೂ ಹಗೇವಿನ್ಯಾಗ ಕುಂತಿದ್ದೆ" ಅಂದಳಂತೆ. ಜೋಳ ತುಂಬುವ ಹಗೇವು, ನೆಲದ ಒಳಗೆ, ಮೇಲೆ ಕಲ್ಲು ಮುಚ್ಚಿ. ಅವ್ವ, ಅವಳು, ಅವಳ ತಮ್ಮ. ಎರಡು ರಾತ್ರಿ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಆರು ಮಕ್ಕಳು ಮತ್ತು ನಾನು ಹೋದೆವು. ಆಯಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಹುಡುಗನೇ ಕಿವಿಯ ಹತ್ತಿರ ಹೋಗಿ ಒಂದೊಂದೇ ಪ್ರಶ್ನೆ ಕೇಳಿದ. ಅವಳು ಬಡಿಗೆ ಊರಿಕೊಂಡು ಅಂಗಳಕ್ಕೆ ಬಂದು ಒಂದು ಜಾಗ ತೋರಿಸಿದಳು. ಹಗೇವು ಮುಚ್ಚಿ ಎಷ್ಟೋ ವರ್ಷ ಆಗಿದೆ, ಮೇಲೆ ಈಗ ಬಟ್ಟೆ ಒಗೆಯುವ ಕಲ್ಲು ಇದೆ. ಮಕ್ಕಳು ಅದರ ಸುತ್ತ ಕೂತರು. ಹುಡುಗ ನೋಟ್‌ಬುಕ್ ತೆಗೆದು, ಬರೆದುಕೊಳ್ಳಲೇ ಆಯಿ ಅಂತ ಕೇಳಿದ. ಅವಳು ತಲೆ ಆಡಿಸಿ, ಮೊದಲು ತನ್ನ ತಮ್ಮನ ಹೆಸರು ಬರಿ ಅಂದಳು.